ಲೈಸೆನ್ಸಿನ ಮೇಲೆ ಯಾರ ಹೆಸರು?

ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆ ಬರೆದವರೆಲ್ಲ ಹೊಟೇಲುಗಳ ಬಗ್ಗೆ ಬರೆದಿದ್ದಾರೆ. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗ ಲೋಟ ತೊಳೆದು, ಮೇಜು ಒರೆಸಿ, ಮಾಣಿಯಾಗಿ, ಕೊನೆಗೊಂದು ದಿನ ತನ್ನದೇ ಗಲ್ಲಾದಲ್ಲಿ ಕುಳಿತ ಕತೆ ನಮ್ಮ ಬಹಳ ಮನೆಗಳಲ್ಲಿದೆ. ಆದರೆ ಅದೇ ಗಲ್ಲಾದ ಹಿಂದಿನ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಲೈಸೆನ್ಸುಗಳ ಕತೆ ಹೇಳಿದವರು ಕಡಿಮೆ. ಹೊಟೇಲು ಉಳಿಯುವುದಕ್ಕೆ ಸಾಂಬಾರಿನ ರುಚಿಯ ಜೊತೆಗೆ ಆ ಕಾಗದಗಳೂ ಬೇಕು. ಆ ಕಾಗದಗಳಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರು ಎಲ್ಲಿದೆ ಎಂದು ಹುಡುಕಿದರೆ ಚರಿತ್ರೆಯ ಇನ್ನೊಂದು ಮಗ್ಗುಲು ಕಾಣಿಸುತ್ತದೆ.

ಅತಿಥಿ ಸತ್ಕಾರಕ್ಕೆ ಸರಕಾರದ ಅನುಮತಿ ಬೇಕೆಂಬ ಪದ್ಧತಿ ಇಂದು ನಿನ್ನೆಯದಲ್ಲ. ಪ್ರಯಾಣಿಕರು ತಂಗುವ ಸರಾಯ್‌ಗಳನ್ನು ನಡೆಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ನೋಂದಾಯಿಸಿಕೊಳ್ಳಬೇಕೆಂದು ಬ್ರಿಟಿಷರು 1867ರಲ್ಲೇ ಕಾಯ್ದೆ ತಂದಿದ್ದರು. ಮುಂಬಯಿಯ ಉಪಾಹಾರಗೃಹಗಳ ಆರೋಗ್ಯ ಲೈಸೆನ್ಸಿಗೆ ಆಧಾರವಾದ 394ನೇ ಕಲಮು 1888ರ ನಗರಪಾಲಿಕೆ ಕಾಯ್ದೆಗೆ ಸೇರಿದ್ದು. ಎ. ರಾಮ ನಾಯಕರು ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆಯುವ ಹೊತ್ತಿಗೆ ಈ ಶಹರದಲ್ಲಿ ಅನ್ನ ಮಾರುವುದು ಕಾನೂನಿಗೆ ಒಳಪಟ್ಟ ಉದ್ಯಮವೇ ಆಗಿತ್ತು. ಸ್ವಾತಂತ್ರ್ಯದ ನಂತರ 1948ರ ಅಂಗಡಿ-ಮುಂಗಟ್ಟುಗಳ ಕಾಯ್ದೆ, 1949ರ ಪಾನನಿರೋಧ ಕಾಯ್ದೆ, 1951ರ ಪೊಲೀಸ್ ಕಾಯ್ದೆ, 1954ರ ಕಲಬೆರಕೆ ತಡೆ ಕಾಯ್ದೆ ಒಂದರ ಹಿಂದೊಂದು ಬಂದವು. ಮುಂಬಯಿಗರ ಬಾಯಲ್ಲಿರುವ ‘ಪರ್ಮಿಟ್ ರೂಮ್’ ಎಂಬ ಹೆಸರು ಆ ಪಾನನಿರೋಧ ಕಾಲದ ಪರವಾನಗಿಯಿಂದ ಬಂದದ್ದು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದವರು ಈ ಕಾಗದಗಳನ್ನು ಓದಿದ್ದಾದರೂ ಹೇಗೆ? ಇದಕ್ಕೆ ಉತ್ತರ ನಮ್ಮ ಕನ್ನಡ ರಾತ್ರಿಶಾಲೆಗಳಲ್ಲಿದೆ. ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕಲಿತ ಹುಡುಗರಲ್ಲಿ ಕೆಲವರು ಮುಂದೆ ಕಾಲೇಜು ಸೇರಿ ವಕೀಲರಾದರು. ಹೊಟೇಲಿಗರ ಅರ್ಜಿ ಬರೆದುಕೊಟ್ಟವರು, ನೋಟೀಸಿಗೆ ಉತ್ತರ ಕೊಟ್ಟವರು, ಕೋರ್ಟಿನಲ್ಲಿ ನಿಂತವರು ಎಷ್ಟೋ ಸಲ ಅವರೇ. ಕಾನೂನಿನ ನೆರವು ನಮ್ಮ ಸಮಾಜಕ್ಕೆ ಮೊದಲು ಸಿಕ್ಕಿದ್ದು ಹೀಗೆ, ಜೊತೆಯಲ್ಲಿ ಉಂಡು ಮಲಗಿದವರಿಂದಲೇ.

ಲೈಸೆನ್ಸಿಗಿಂತ ದೊಡ್ಡ ತಲೆನೋವು ಜಾಗದ್ದು. ಹೊಟೇಲು ನಮ್ಮದು, ಗೋಡೆ ಬೇರೆಯವರದು. ಗುತ್ತಿಗೆ ಯಾವುದು, ಬರೀ ಅನುಮತಿ ಯಾವುದು ಎಂಬ ಪ್ರಶ್ನೆಗೆ ಈ ದೇಶದಲ್ಲಿ ದಾರಿ ತೋರಿಸಿದ ತೀರ್ಪು ಕೂಡ ಹೊಟೇಲೊಂದರ ಒಳಗಿನಿಂದಲೇ ಹುಟ್ಟಿತು. ದೆಹಲಿಯ ಇಂಪೀರಿಯಲ್ ಹೊಟೇಲಿನ ಕೋಣೆಗಳಲ್ಲಿ ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದವರೊಬ್ಬರ ಕರಾರುಪತ್ರದಲ್ಲಿ ‘ಲೈಸೆನ್ಸ್’ ಎಂದೇ ಬರೆದಿತ್ತು. ಬಾಡಿಗೆಯ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು 1959ರಲ್ಲಿ ಅದು ಗುತ್ತಿಗೆಯೇ ಎಂದರು: ಕಾಗದಕ್ಕೆ ಏನು ಹೆಸರಿಟ್ಟಿದ್ದಾರೆ ಎಂಬುದಕ್ಕಿಂತ ಅದರ ಒಳಗಿನ ಶರತ್ತುಗಳು ಏನು ಹೇಳುತ್ತವೆ ಎಂಬುದು ಮುಖ್ಯ. ಆದರೂ, ಹೊಟೇಲಿನ ಒಳಗಿನ ಕೋಣೆಗೆ ಬಾಡಿಗೆ ನಿಯಂತ್ರಣ ಅನ್ವಯಿಸುವುದಿಲ್ಲವೆಂಬ ಕಾರಣಕ್ಕೆ ಅಂಗಡಿಯವರು ಸೋತರು. ಒಂದೇ ಕಾಗದ ಒಂದು ಕಡೆ ಗೆಲ್ಲಿಸಿ ಇನ್ನೊಂದು ಕಡೆ ಸೋಲಿಸಬಹುದು ಎಂಬುದಕ್ಕೆ ಇದು ಉದಾಹರಣೆ.

ಮುಂಬಯಿಯಲ್ಲಿ ಬಾಡಿಗೆ ಕಾಯ್ದೆಯ ಹಿಡಿತ ತಪ್ಪಿಸಿಕೊಳ್ಳಲು ಮಾಲಕರು ‘ಲೀವ್ ಆ್ಯಂಡ್ ಲೈಸೆನ್ಸ್’ ಕರಾರು ಮಾಡುತ್ತಿದ್ದರು. 1973ರ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಅಂಥ ಕರಾರಿನ ಮೇಲೆ ಜಾಗದಲ್ಲಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸುವ ತಿದ್ದುಪಡಿ ಬಂತು. ಒಂದು ತಾರೀಕಿನ ಆಚೆ ಈಚೆ ಎಷ್ಟೋ ಸಂಸಾರಗಳ ಅನ್ನದ ದಾರಿ ನಿರ್ಧಾರವಾಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಇಂಥ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು ಎಂದಿತು. ನೋಂದಣಿ ಮಾಡಿಸುವ ಹೊಣೆ ಮಾಲಕರದು. ನೋಂದಾಯಿತ ಕರಾರು ಇಲ್ಲದಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ ಬಾಡಿಗೆದಾರರು ಹೇಳಿದ ಶರತ್ತೇ ನಿಲ್ಲುತ್ತದೆ.

ನಮ್ಮ ಹೊಟೇಲಿಗರಲ್ಲಿ ‘ಕಂಡಕ್ಟಿಂಗ್’ ಎಂಬ ಇನ್ನೊಂದು ಪದ್ಧತಿಯೂ ಇದೆ. ಲೈಸೆನ್ಸು ಒಬ್ಬರ ಹೆಸರಲ್ಲಿ, ವ್ಯಾಪಾರ ನಡೆಸುವವರು ಇನ್ನೊಬ್ಬರು, ಅದಕ್ಕೆ ತಿಂಗಳಿಗಿಷ್ಟು ಎಂದು ಕೊಡುವುದು. ಬಂಡವಾಳ ಇಲ್ಲದವರೂ ಹೊಟೇಲು ನಡೆಸುವಂತಾದದ್ದು ಇದರಿಂದ. ಹತ್ತಿಪ್ಪತ್ತು ವರ್ಷ ಬೆವರು ಸುರಿಸಿ ಹೆಸರು ತಂದ ಜಾಗದಿಂದ ಬರಿಗೈಯಲ್ಲಿ ಹೊರಬಂದದ್ದೂ ಇದರಿಂದ.

ಇದು ಸಣ್ಣ ಹೊಟೇಲುಗಳ ಪಾಡು ಮಾತ್ರವಲ್ಲ. ಉಡುಪಿ ಕಡೆಯಿಂದ ಮದ್ರಾಸಿಗೆ ಹೋಗಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರ ಹೆಸರು ಕೇಳದವರಿಲ್ಲ. ಅಲ್ಲಿ 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತಲೆಮಾರುಗಳ ಕಾಫಿಯ ತಾಣವಾಗಿತ್ತು. ಆದರೆ ನೆಲ ಸ್ವಂತದ್ದಲ್ಲ, ಗುತ್ತಿಗೆಯದು. ಸರಕಾರ ನೆಲವನ್ನು ಹಿಂದಕ್ಕೆ ಪಡೆದಾಗ 2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ.

ಇನ್ನು ಪಾಲುದಾರಿಕೆ. ಭಾವ-ಮೈದುನ, ಅಣ್ಣ-ತಮ್ಮ, ಒಂದೇ ಊರಿನ ಸ್ನೇಹಿತರು ಸೇರಿ ನಡೆಸುವ ಹೊಟೇಲುಗಳಲ್ಲಿ ಬಾಯಿಮಾತೇ ಕರಾರು. ಅದು ನಂಬಿಕೆಯ ಕಾಲ ಎಂದು ಹೊಗಳುತ್ತೇವೆ. ಆದರೆ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ಕೂಡಲೇ ಆ ಪಾಲುದಾರಿಕೆಯೇ ಮುಗಿಯುತ್ತದೆ. ನೋಂದಣಿಯಾಗದ ಸಂಸ್ಥೆಯ ಪಾಲುದಾರರು ಕರಾರಿನ ಹಕ್ಕಿಗಾಗಿ ದಾವೆ ಹೂಡುವುದೂ ಕಷ್ಟ. ಈ ಎರಡು ಕಲಮುಗಳ ಭಾರ ಬಿದ್ದದ್ದು ಗಂಡನನ್ನು ಕಳೆದುಕೊಂಡು, ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಲೆಕ್ಕಪತ್ರದ ಮಾತು ಕೇಳಬೇಕಾಗಿ ಬಂದ ಹೆಂಗಸರ ಮೇಲೆ.

ಇಲ್ಲೊಂದು ವಿಪರ್ಯಾಸ ಇದೆ. ಮುಂಬಯಿಯಲ್ಲಿ ಹೊಟೇಲು ಕಟ್ಟಿದವರಲ್ಲಿ ಬಹುಪಾಲು ಬಂದದ್ದು ತುಳುನಾಡಿನಿಂದ. ಅಲ್ಲಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಮನೆತನ ಸಾಗುತ್ತಿದ್ದುದು ಹೆಣ್ಣಿನ ಸಂತತಿಯ ಮೂಲಕ. ಅದೇ ಮನೆಗಳ ಗಂಡಸರು ಶಹರದಲ್ಲಿ ಹೊಟೇಲು ಮಾಡಿದಾಗ ಲೈಸೆನ್ಸು, ಕರಾರು, ಬ್ಯಾಂಕ್ ಖಾತೆ ಎಲ್ಲವೂ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲೇ ಆದವು. ಮನೆಯಲ್ಲಿ ಸಾಂಬಾರು ಪುಡಿ ಹುರಿದವರು, ಹಪ್ಪಳ-ಸಂಡಿಗೆ ಮಾಡಿಕೊಟ್ಟವರು, ಬಂಡವಾಳಕ್ಕೆ ಬಳೆ ಬಿಚ್ಚಿಕೊಟ್ಟವರು ಕಾಗದದಲ್ಲಿ ಎಲ್ಲೂ ಇಲ್ಲ.

ಕಾನೂನು ಕೂಡ ಬಹುಕಾಲ ಹೆಣ್ಣನ್ನು ಹೊರಗೇ ನಿಲ್ಲಿಸಿತ್ತು. ದೆಹಲಿಗೂ ಅನ್ವಯಿಸುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಮು, ಸಾರ್ವಜನಿಕರು ಮದ್ಯ ಸೇವಿಸುವ ಜಾಗದಲ್ಲಿ ಯಾವ ಹೆಂಗಸಿಗೂ ಕೆಲಸ ಕೊಡಕೂಡದು ಎನ್ನುತ್ತಿತ್ತು. ಹೊಟೇಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಯರಿಗೂ ದೊಡ್ಡ ಹೊಟೇಲುಗಳ ಆ ಭಾಗದ ಬಾಗಿಲು ಮುಚ್ಚಿತ್ತು. ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಈ ಕಲಮು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ರಕ್ಷಣೆಯ ಹೆಸರಿನಲ್ಲಿ ದುಡಿಯುವ ಹಕ್ಕನ್ನು ಕಸಿದುಕೊಳ್ಳುವಂತಿಲ್ಲ, ದುಡಿಯುವ ಜಾಗವನ್ನು ಸುರಕ್ಷಿತಗೊಳಿಸುವುದು ಸರಕಾರದ ಕೆಲಸ ಎಂಬುದು ಅದರ ಸಾರ. ಮಹಾರಾಷ್ಟ್ರದ ಆರ್ಕೆಸ್ಟ್ರಾ ಬಾರುಗಳಲ್ಲಿ ವೇದಿಕೆಯ ಮೇಲೆ ಹೆಂಗಸರು ನಾಲ್ವರು, ಗಂಡಸರು ನಾಲ್ವರು ಎಂದು ಲೈಸೆನ್ಸಿನಲ್ಲೇ ಹಾಕಿದ್ದ ಮಿತಿಯನ್ನು 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು. ಒಟ್ಟು ಎಂಟು ಮಂದಿ ಎಂಬ ಮಿತಿ ಇರಲಿ, ಅದರಲ್ಲಿ ಯಾರು ಎಷ್ಟು ಎಂಬುದು ನಡೆಸುವವರಿಗೆ ಬಿಟ್ಟದ್ದು ಎಂದಿತು.

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ಸಂಘಗಳ ಸದಸ್ಯೆಯರಲ್ಲೇ ಮನೆಯಿಂದ ಡಬ್ಬಿ ಕಳಿಸುವವರು, ಹಬ್ಬಕ್ಕೆ ಹೋಳಿಗೆ-ಪತ್ರೊಡೆ ಮಾಡಿ ಮಾರುವವರು, ಊರಿನ ಮನೆಯನ್ನು ಹೋಮ್‌ಸ್ಟೇ ಮಾಡಿದವರು ಇದ್ದಾರೆ. ಇದು ಸಣ್ಣ ಕೆಲಸ, ಇದಕ್ಕೆಲ್ಲ ಕಾನೂನು ಯಾಕೆ ಎಂಬ ಮಾತು ಕೇಳುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆ ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯಿಸುತ್ತದೆ. ಅದರ 2011ರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವ್ಯಾಪಾರಕ್ಕೆ ಬರೀ ನೋಂದಣಿ ಸಾಕು ಎಂದಿಟ್ಟು, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಮಾಡಿದರು. ಲೈಸೆನ್ಸು ಇದ್ದವರು ತೀರಿಕೊಂಡರೆ ಅದು ವಾರಸುದಾರರ ಪಾಲಿಗೆ 90 ದಿನ ಜೀವಂತವಾಗಿರುತ್ತದೆ, ಅಷ್ಟರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು ಎಂಬ ಅವಕಾಶವೂ ಅದೇ ನಿಯಮಗಳಲ್ಲಿದೆ. ದುಃಖದ ಮನೆಯಲ್ಲಿ 90 ದಿನ ಹೇಗೆ ಕಳೆಯುತ್ತದೆಂದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಇದು ಮೊದಲೇ ತಿಳಿದಿರಬೇಕು.

ಆಸ್ತಿಯ ಹಕ್ಕು ಬೇರೆ, ಲೈಸೆನ್ಸು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಉಯಿಲು ಬರೆಯದೆ ಹೋದ ಗಂಡನ ಸ್ವಯಾರ್ಜಿತದಲ್ಲಿ ಹೆಂಡತಿಗೆ ಮಕ್ಕಳಷ್ಟೇ ಪಾಲು ಉಂಟು. ಆದರೆ ಲೈಸೆನ್ಸು ಪಾತ್ರೆಪಡಗದ ಹಾಗೆ ತಾನಾಗಿ ಕೈಗೆ ಬರುವುದಿಲ್ಲ. ಅದಕ್ಕೆ ಅರ್ಜಿ, ಕರಾರಿನ ಪ್ರತಿ, ವಾರಸಿನ ದಾಖಲೆ ಬೇಕು. ಇದನ್ನೆಲ್ಲ ಮಾಡಿಸಲು ವಕೀಲರಿಗೆ ಕೊಡುವ ಹಣ ಎಲ್ಲಿಂದ ತರುವುದು ಎನ್ನುವವರಿಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ಕಾನೂನು ನೆರವಿಗೆ ಅರ್ಹರಾದವರ ಪಟ್ಟಿ ಇದೆ. ಅದರಲ್ಲಿ ಮಹಿಳೆಯರು ಇದ್ದಾರೆ, ಆದಾಯದ ಮಿತಿಯಿಲ್ಲದೆ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ. ಈ ವಿಷಯ ತಿಳಿಯದೆ ಎಷ್ಟೋ ಮಂದಿ ಅಲ್ಲಿಗೆ ಹೋಗುವುದೇ ಇಲ್ಲ.

ಹಿಂದೆ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತವರು ಕಲಿತು ಉಳಿದವರಿಗೆ ಕಾಗದ ಓದಿ ಹೇಳಿದರು. ಇಂದು ನಮ್ಮ ಸಂಘಗಳಲ್ಲಿ ವಕೀಲೆಯರಿದ್ದಾರೆ, ಲೆಕ್ಕ ಪರಿಶೋಧಕಿಯರಿದ್ದಾರೆ. ಅರಿಶಿನ ಕುಂಕುಮ, ಆಟಿಡೊಂಜಿ ದಿನಗಳ ಜೊತೆಗೆ ವರ್ಷಕ್ಕೊಂದು ದಿನ ಮನೆಯ ಲೈಸೆನ್ಸು, ಬಾಡಿಗೆ ಕರಾರು, ಪಾಲುದಾರಿಕೆ ಪತ್ರಗಳನ್ನು ತಂದು ಅವರ ಮುಂದಿಟ್ಟು ಓದಿಸಿಕೊಳ್ಳುವ ಕಾರ್ಯಕ್ರಮ ಇಟ್ಟುಕೊಂಡರೆ ಹೇಗೆ? ಯಾರ ಹೆಸರಿದೆ, ಯಾವ ತಾರೀಕಿಗೆ ಮುಗಿಯುತ್ತದೆ, ನಾಳೆ ಏನಾದರೂ ಆದರೆ ಯಾರಿಗೆ ಹೋಗುತ್ತದೆ, ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಾದರೆ ಆ ದಿನ ಸಾರ್ಥಕ.