ಸಿಟ್ಟಿಗೆ ಸಿಕ್ಕ ಮತಪತ್ರ: ಐರ್ಲೆಂಡಿನ ವೇತನ ಕಡಿತ ಮತ್ತು ಜನಮತಗಣನೆಗಳು (2008–2013)

2011ರ ಅಕ್ಟೋಬರ್ 27ರಂದು ಐರ್ಲೆಂಡಿನ ಮತದಾರರು ಹೊಸ ರಾಷ್ಟ್ರಾಧ್ಯಕ್ಷರನ್ನು ಆರಿಸುವುದರ ಜೊತೆಗೆ ಸಂವಿಧಾನದ ಎರಡು ತಿದ್ದುಪಡಿಗಳ ಮೇಲೂ ಮತ ಹಾಕಿದರು. ಅಧಿಕಾರದಲ್ಲಿರುವ ನ್ಯಾಯಾಧೀಶರ ಸಂಬಳ ಕಡಿತಕ್ಕೆ ದಾರಿ ಮಾಡಿಕೊಡುವುದು 29ನೇ ತಿದ್ದುಪಡಿ. ಸಾರ್ವಜನಿಕ ಮಹತ್ವದ ವಿಷಯಗಳಲ್ಲಿ ವಿಚಾರಣೆ ನಡೆಸಿ, ವ್ಯಕ್ತಿಗಳ ನಡವಳಿಕೆಯ ಬಗ್ಗೆ ತೀರ್ಮಾನ ಹೇಳುವ ಅಧಿಕಾರವನ್ನು ಸಂಸತ್ತಿಗೆ ಕೊಡುವುದು 30ನೇ ತಿದ್ದುಪಡಿ. ಎರಡನ್ನೂ ಜನರ ಮುಂದಿಟ್ಟದ್ದು ಒಂದೇ ಸರ್ಕಾರ. ಅದು ಅಧಿಕಾರಕ್ಕೆ ಬಂದು ಎಂಟು ತಿಂಗಳೂ ತುಂಬಿರಲಿಲ್ಲ. ಮೊದಲನೆಯದಕ್ಕೆ ಶೇ 79.7ರಷ್ಟು ಮತದಾರರು ಒಪ್ಪಿಗೆ ಕೊಟ್ಟರು. ಎರಡನೆಯದನ್ನು ಶೇ 53.3ರಷ್ಟು ಮಂದಿ ತಿರಸ್ಕರಿಸಿದರು.

ಜನಮತಗಣನೆಗಳ ಬಗ್ಗೆ ಪಂಡಿತರಲ್ಲಿ ಬಳಕೆಯಲ್ಲಿರುವ ಒಂದು ವಿವರಣೆಯಿದೆ: ಜನ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳಿದವರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುತ್ತಾರೆ. ಅಕ್ಟೋಬರ್ 27ರ ಫಲಿತಾಂಶವನ್ನು ಈ ವಿವರಣೆ ಅರ್ಧ ಮಾತ್ರ ಮುಟ್ಟುತ್ತದೆ. ಸರ್ಕಾರದ ಮೇಲಿನ ಸಿಟ್ಟೇ ಕಾರಣವಾಗಿದ್ದರೆ ಎರಡೂ ಪ್ರಸ್ತಾವಗಳು ಬೀಳಬೇಕಿತ್ತು. ಪ್ರತಿಷ್ಠಿತರ ಮೇಲಿನ ಸಿಟ್ಟೇ ಕಾರಣವಾಗಿದ್ದರೆ ಬ್ಯಾಂಕುಗಳ ದೊರೆಗಳನ್ನು ಕಟಕಟೆಗೆ ಎಳೆಯುವ ಭರವಸೆ ಕೊಟ್ಟ ಎರಡನೆಯದೂ ಗೆಲ್ಲಬೇಕಿತ್ತು. ಪ್ರಸ್ತುತ ಲೇಖನದ ವಾದ ಹೀಗಿದೆ. ಐರ್ಲೆಂಡಿನ ಜನರ ಸಿಟ್ಟು ಕುರುಡಾಗಿರಲಿಲ್ಲ. ಸಂಬಳ ಕಡಿಯುವ ಅಧಿಕಾರವನ್ನು ಅದು ರಾಜಕಾರಣಿಗಳಿಗೆ ಕೊಟ್ಟಿತು, ನ್ಯಾಯ ಹೇಳುವ ಅಧಿಕಾರವನ್ನು ಕೊಡಲಿಲ್ಲ. ಆದರೆ ಯಾವ ಪ್ರಶ್ನೆ ಜನರ ಮುಂದೆ ಬರಬೇಕು ಎಂಬುದನ್ನು ನಿರ್ಧರಿಸಿದವರು ಜನರಲ್ಲ. ಸಿಟ್ಟು ಎಲ್ಲಿ ಅಗ್ಗವಾಗಿ ತೀರುವುದೋ ಅಲ್ಲಿ ಮತಪೆಟ್ಟಿಗೆ ಇಡಲಾಯಿತು.

ಸಿಟ್ಟಿನ ಮೂಲ ಆರ್ಥಿಕ ಕುಸಿತಕ್ಕಿಂತ ಸ್ವಲ್ಪ ಹಿಂದಿನದು. 2007ರ ಶರತ್ಕಾಲದಲ್ಲಿ ಉನ್ನತ ಹುದ್ದೆಗಳ ವೇತನ ಪರಿಶೀಲನಾ ಮಂಡಳಿಯ ಶಿಫಾರಸಿನ ಮೇರೆಗೆ ಪ್ರಧಾನಿ ಬರ್ಟಿ ಅಹರ್ನ್ ಅವರ ವಾರ್ಷಿಕ ಸಂಬಳ 38,000 ಯೂರೊ ಏರಿ 3,10,000 ಯೂರೊ ಆಗುವುದೆಂದು ಪ್ರಕಟವಾಯಿತು. ಕರ್ನಾಟಕಕ್ಕಿಂತ ತೀರ ಚಿಕ್ಕದಾದ, ನಲವತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನಸಂಖ್ಯೆಯ ದೇಶದ ಪ್ರಧಾನಿಗೆ ಅಮೆರಿಕದ ಅಧ್ಯಕ್ಷರಿಗಿಂತ ದೊಡ್ಡ ಸಂಬಳ! ಗದ್ದಲವೆದ್ದಿತು, ಏರಿಕೆಯನ್ನು ಮುಂದಕ್ಕೆ ಹಾಕಲಾಯಿತು. ಮರುವರ್ಷ ಅಹರ್ನ್ ಇಳಿದರು, ಬ್ರಯಾನ್ ಕವನ್ ಬಂದರು. 2008ರ ಸೆಪ್ಟೆಂಬರ್ 29ರ ರಾತ್ರಿ ಕವನ್ ಸರ್ಕಾರ ಆರು ಬ್ಯಾಂಕುಗಳ ಸುಮಾರು 440 ಶತಕೋಟಿ ಯೂರೊ ಮೊತ್ತದ ಹೊಣೆಗಾರಿಕೆಗೆ ಸರ್ಕಾರದ ಖಾತರಿ ಕೊಟ್ಟುಬಿಟ್ಟಿತು. ಬೆಳಗಾಗುವಷ್ಟರಲ್ಲಿ ಖಾಸಗಿ ಬ್ಯಾಂಕುಗಳ ಸಾಲಕ್ಕೆ ಇಡೀ ದೇಶ ಜಾಮೀನು ನಿಂತಿತ್ತು.

ಆಮೇಲೆ ಖರ್ಚು ಕಡಿತದ ಸರದಿ. ಎಪ್ಪತ್ತು ದಾಟಿದ ಎಲ್ಲರಿಗೂ ತಾನಾಗಿಯೇ ಸಿಗುತ್ತಿದ್ದ ಉಚಿತ ವೈದ್ಯಕೀಯ ಕಾರ್ಡನ್ನು ಹಿಂಪಡೆಯುವ ಪ್ರಸ್ತಾವ ಅಕ್ಟೋಬರ್ ಬಜೆಟ್ಟಿನಲ್ಲಿ ಬಂತು. ಅಕ್ಟೋಬರ್ 22ರಂದು ಸುಮಾರು 15,000 ಹಿರಿಯರು ಡಬ್ಲಿನ್ನಿನ ಸಂಸತ್ ಭವನದ ಮುಂದೆ ನೆರೆದರು. ಅಷ್ಟರಲ್ಲಾಗಲೇ ಸರ್ಕಾರ ಮಣಿದು ಆದಾಯದ ಮಿತಿಯನ್ನು ಏರಿಸಿತ್ತು. 2009ರ ಮೊದಲ ತಿಂಗಳುಗಳಲ್ಲಿ ಸರ್ಕಾರಿ ನೌಕರರ ಮೇಲೆ 'ಪಿಂಚಣಿ ಲೆವಿ' ಬಿತ್ತು. ಹೆಸರು ಪಿಂಚಣಿಯದ್ದಾದರೂ ಅದರಿಂದ ಪಿಂಚಣಿಯೇನೂ ಹೆಚ್ಚುತ್ತಿರಲಿಲ್ಲ. ಸಂಬಳದಿಂದ ನೇರವಾಗಿ ಮುರಿದುಕೊಳ್ಳುವ ಹಣ ಅದು. ಫೆಬ್ರುವರಿ 21ರಂದು ಡಬ್ಲಿನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆ ಹೊರಟರು. ನವೆಂಬರ್ 24ರಂದು ಶಾಲೆ, ಆಸ್ಪತ್ರೆ, ಕಚೇರಿಗಳ ನೌಕರರು ಒಂದು ದಿನದ ಮುಷ್ಕರ ಹೂಡಿದರು. ಆದರೂ ಡಿಸೆಂಬರ್ 9ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಬ್ರಯಾನ್ ಲೆನಿಹನ್ ನೇರ ವೇತನ ಕಡಿತವನ್ನೇ ಘೋಷಿಸಿದರು: ಮೊದಲ 30,000 ಯೂರೊ ಮೇಲೆ ಶೇ 5, ನಂತರದ 40,000ದ ಮೇಲೆ ಶೇ 7.5, ಅದರಾಚೆಯ 55,000ದ ಮೇಲೆ ಶೇ 10. ವರ್ಷಕ್ಕೆ 40,000 ಯೂರೊ ಸಂಬಳವಿದ್ದ ಶಾಲಾ ಶಿಕ್ಷಕಿಯೊಬ್ಬರ ಲೆಕ್ಕ ಹಾಕಿ ನೋಡಿ: ಮೊದಲ ಹಂತದಲ್ಲಿ 1,500, ಎರಡನೆಯದರಲ್ಲಿ 750, ಒಟ್ಟು 2,250 ಯೂರೊ ಹೋಯಿತು. ಇದು ಪಿಂಚಣಿ ಲೆವಿಯ ಮೇಲೆ. ಪ್ರಧಾನಿಯ ಸಂಬಳಕ್ಕೆ ಶೇ 20ರ, ಸಚಿವರದ್ದಕ್ಕೆ ಶೇ 15ರ ಕತ್ತರಿ ಬಿತ್ತು ನಿಜ. ಆದರೆ ಆ ಹೊತ್ತಿಗೆ ಯಾರೂ ಅದನ್ನು ತ್ಯಾಗವೆಂದು ಲೆಕ್ಕಕ್ಕೆ ಹಿಡಿಯುವ ಮನಃಸ್ಥಿತಿಯಲ್ಲಿರಲಿಲ್ಲ.

ಸಿಟ್ಟಿಗೆ ಇನ್ನೊಂದು ಮುಖವೂ ಇತ್ತು. ಕಾರ್ಮಿಕ ಸಂಘಗಳ ಕಣ್ಣಿನಿಂದ ಮಾತ್ರ ನೋಡಿದರೆ ಅದು ಕಾಣುವುದಿಲ್ಲ. 2007ರಲ್ಲಿ ಶೇ 5ರ ಒಳಗಿದ್ದ ನಿರುದ್ಯೋಗ 2011ರ ಹೊತ್ತಿಗೆ ಶೇ 14 ದಾಟಿತು. ಕಟ್ಟಡ ಕೆಲಸ ನಿಂತು ಮನೆಗೆ ಮರಳಿದ ಗಾರೆಯವನಿಗೆ, ಕೆಲಸ ಕಳೆದುಕೊಳ್ಳುವ ಭಯವಿಲ್ಲದ ಸರ್ಕಾರಿ ನೌಕರನ ಶೇ 5ರ ಕಡಿತ ದೊಡ್ಡ ಸಂಕಟವಾಗಿ ಕಾಣಲಿಲ್ಲ. ಖಾಸಗಿಯವರು ಮತ್ತು ಸರ್ಕಾರದವರು ಎಂಬ ಈ ಜಗಳವನ್ನು ಪತ್ರಿಕೆಗಳು ಊದಿ ಬೆಳೆಸಿದವು. ಜನರ ಸಿಟ್ಟು ಹೀಗೆ ಎರಡು ದಿಕ್ಕಿಗೆ ಹರಿಯುತ್ತಿದ್ದಾಗ, ಎರಡೂ ಕಡೆಯವರು ಒಟ್ಟಾಗಿ ಬೆರಳು ತೋರಿಸಬಹುದಾದ ಒಂದು ಗುಂಪು ಸಿಕ್ಕಿತು. ಅದೇ ನ್ಯಾಯಾಧೀಶರು.

1937ರ ಐರಿಷ್ ಸಂವಿಧಾನದ 35.5ನೇ ವಿಧಿ ಚಿಕ್ಕದು, ಕಟ್ಟುನಿಟ್ಟಿನದು. ನ್ಯಾಯಾಧೀಶರು ಅಧಿಕಾರದಲ್ಲಿರುವವರೆಗೆ ಅವರ ಸಂಬಳವನ್ನು ಇಳಿಸುವಂತಿಲ್ಲ ಎಂದು ಅದು ಹೇಳುತ್ತಿತ್ತು. ಕಾರಣ ಹೊಸದೇನಲ್ಲ: ತನಗೆ ಒಗ್ಗದ ತೀರ್ಪು ಬಂದಾಗ ಸರ್ಕಾರ ನ್ಯಾಯಾಧೀಶರ ಅನ್ನದ ತಟ್ಟೆಗೆ ಕೈ ಹಾಕಬಾರದು. ಎಲ್ಲ ಪ್ರಜೆಗಳ ಹಾಗೆ ನ್ಯಾಯಾಧೀಶರೂ ಆದಾಯ ತೆರಿಗೆ ಕೊಡಬೇಕು, ಅದು ಸಂಬಳ ಇಳಿಸಿದಂತಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1959ರ ಓಬರ್ನ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತ್ತು. ಆದರೆ 2009ರ ಲೆವಿ ಎಲ್ಲ ಪ್ರಜೆಗಳ ಮೇಲಿನ ತೆರಿಗೆಯಲ್ಲ, ಸರ್ಕಾರಿ ನೌಕರರ ಮೇಲಿನದು ಮಾತ್ರ. ಹಾಗಾಗಿ ನ್ಯಾಯಾಧೀಶರಿಗೆ ಅದು ಅನ್ವಯಿಸದು ಎಂಬ ಕಾನೂನು ಸಲಹೆಯನ್ನು ಸರ್ಕಾರ ಒಪ್ಪಿಕೊಂಡಿತು. ಬದಲಿಗೆ, ಇಷ್ಟಪಟ್ಟವರು ತೆರಿಗೆ ಇಲಾಖೆಗೆ ಸ್ವಯಂಪ್ರೇರಿತವಾಗಿ ಹಣ ಕಟ್ಟಬಹುದೆಂಬ ಏರ್ಪಾಡಾಯಿತು. ಇದು ಗೌರವದ ದಾರಿಯೆಂದು ಯೋಚಿಸಿದ್ದಿರಬೇಕು. ಪರಿಣಾಮ ಮಾತ್ರ ತದ್ವಿರುದ್ಧ. ಎಷ್ಟು ನ್ಯಾಯಾಧೀಶರು ಕಟ್ಟಿದರು, ಎಷ್ಟು ಮಂದಿ ಕಟ್ಟಲಿಲ್ಲ ಎಂಬ ಎಣಿಕೆಯೇ ಸುದ್ದಿಯಾಯಿತು. ಕಟ್ಟಿದ ಬಹುಪಾಲು ಮಂದಿಯ ಮೇಲೂ ಕಟ್ಟದವರ ನೆರಳು ಬಿತ್ತು.

2010ರ ನವೆಂಬರಿನಲ್ಲಿ ಐರ್ಲೆಂಡ್ 85 ಶತಕೋಟಿ ಯೂರೊಗಳ ಆರ್ಥಿಕ ರಕ್ಷಣಾ ಪ್ಯಾಕೇಜಿಗೆ ಒಪ್ಪಿತು. ಅದರಲ್ಲಿ 17.5 ಶತಕೋಟಿ ದೇಶದ ಸ್ವಂತ ಉಳಿತಾಯದಿಂದಲೇ ಹೋಗಬೇಕಿತ್ತು. ಮೂರು ತಿಂಗಳ ನಂತರದ ಚುನಾವಣೆಯಲ್ಲಿ, ದಶಕಗಳ ಕಾಲ ದೇಶದ ಅತಿದೊಡ್ಡ ಪಕ್ಷವಾಗಿದ್ದ, ಕವನ್ ಅವರ ಫಿಯಾನ ಫಾಲ್ 20 ಸ್ಥಾನಕ್ಕೆ ಕುಸಿಯಿತು. ಸರ್ಕಾರದಲ್ಲಿ ಅದರ ಜೊತೆಗಿದ್ದ ಗ್ರೀನ್ ಪಕ್ಷ ಒಂದು ಸ್ಥಾನವನ್ನೂ ಉಳಿಸಿಕೊಳ್ಳಲಿಲ್ಲ. ನಾಯಕತ್ವದ ಮೇಲಿನ ಸಿಟ್ಟನ್ನು ಮತದಾರರು ತೀರಿಸಿದ್ದು ಅಲ್ಲಿ, ಮಾಮೂಲಿ ಚುನಾವಣೆಯಲ್ಲಿ. ಅಕ್ಟೋಬರಿನ ಜನಮತಗಣನೆಯನ್ನು ಓದುವವರು ಇದನ್ನು ಮರೆಯಬಾರದು. ಶಿಕ್ಷೆ ಆಗಲೇ ಮುಗಿದಿತ್ತು.

ಫಿನ ಗೇಲ್ ಮತ್ತು ಲೇಬರ್ ಪಕ್ಷಗಳ ಹೊಸ ಸರ್ಕಾರಕ್ಕೆ ನ್ಯಾಯಾಧೀಶರ ಸಂಬಳದ ಪ್ರಶ್ನೆ ಸುಲಭದ ಗೆಲುವಾಗಿತ್ತು. ತಿದ್ದುಪಡಿಯ ಪಠ್ಯ ಅಷ್ಟೇನೂ ಒರಟಲ್ಲ. ಸಾರ್ವಜನಿಕ ಹಣದಿಂದ ಸಂಬಳ ಪಡೆಯುವ ಇತರ ವರ್ಗಗಳ ವೇತನವನ್ನು ಕಾನೂನಿನ ಮೂಲಕ, ಸಾರ್ವಜನಿಕ ಹಿತಾಸಕ್ತಿಯ ಕಾರಣ ಹೇಳಿ ಇಳಿಸಿದ್ದರೆ ಮಾತ್ರ, ಅದಕ್ಕೆ ಅನುಪಾತವಾಗಿ ನ್ಯಾಯಾಧೀಶರ ಸಂಬಳವನ್ನೂ ಇಳಿಸಬಹುದು ಎಂಬುದು ಅದರ ಸಾರ. ಒಬ್ಬ ನ್ಯಾಯಾಧೀಶರನ್ನೋ ಒಂದು ಪೀಠವನ್ನೋ ಗುರಿಯಿಟ್ಟು ಹೊಡೆಯಲು ಇಲ್ಲಿ ಅವಕಾಶ ಕಡಿಮೆ. ಸ್ವತಂತ್ರ ಮಂಡಳಿಯೊಂದು ಕಡಿತದ ಪ್ರಮಾಣವನ್ನು ನಿರ್ಧರಿಸಲಿ ಎಂಬ ನ್ಯಾಯಾಂಗದ ಬೇಡಿಕೆ ಅಸಹಜವೇನಲ್ಲ, ಆದರೆ ಆ ಗದ್ದಲದಲ್ಲಿ ಅದಕ್ಕೆ ಕಿವಿಗೊಡುವವರಿರಲಿಲ್ಲ.

30ನೇ ತಿದ್ದುಪಡಿಯ ಬೇರು ಬೇರೆಡೆ ಇದೆ. ಅಬ್ಬಿಲಾರಾ ಎಂಬ ಹಳ್ಳಿಯಲ್ಲಿ 2000ದಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. ಅದರ ಬಗ್ಗೆ ಸಂಸದೀಯ ಸಮಿತಿ ವಿಚಾರಣೆಗೆ ಹೊರಟಿತು. ಪ್ರಜೆಗಳ ಹೆಸರಿಗೆ ಕಳಂಕ ತರುವಂಥ ತೀರ್ಮಾನ ಕೊಡುವ ಅಧಿಕಾರ ಇಂಥ ಸಮಿತಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತಿತು. ಆ ಅಧಿಕಾರ ಬೇಕೆಂಬುದು 2011ರ ಬೇಡಿಕೆ. ಬ್ಯಾಂಕುಗಳ ಕುಸಿತಕ್ಕೆ ಯಾರು ಹೊಣೆ ಎಂದು ಪತ್ತೆ ಮಾಡುವುದಕ್ಕೆ ಇದು ಅಗತ್ಯ ಎಂದು ಸರ್ಕಾರ ವಾದಿಸಿತು. ಮೊದಮೊದಲು ಜನಾಭಿಪ್ರಾಯವೂ ಪರವಾಗಿಯೇ ಇತ್ತು. ಆದರೆ ವ್ಯಕ್ತಿಯ ಹಕ್ಕು ಮತ್ತು ಸಾರ್ವಜನಿಕ ಹಿತ ಇವೆರಡರ ನಡುವಿನ ತೂಕವನ್ನು ಸಂಸತ್ತೇ ನಿರ್ಧರಿಸುತ್ತದೆ ಎಂಬ ಒಂದು ವಾಕ್ಯ ಆ ಪಠ್ಯದಲ್ಲಿತ್ತು. ಆರೋಪ ಹೊರಿಸುವವರೂ ಅವರೇ, ವಿಚಾರಿಸುವವರೂ ಅವರೇ, ಆರೋಪಿಗೆ ಎಷ್ಟು ರಕ್ಷಣೆ ಎಂದು ಅಳೆಯುವವರೂ ಅವರೇ.

ಮತದಾನಕ್ಕೆ ಕೆಲವೇ ದಿನಗಳಿರುವಾಗ ಎಂಟು ಮಂದಿ ಮಾಜಿ ಅಟಾರ್ನಿ ಜನರಲ್‌ಗಳು ಎರಡೂ ಪ್ರಸ್ತಾವಗಳನ್ನು ವಿರೋಧಿಸಿ ಬಹಿರಂಗ ಪತ್ರ ಬರೆದರು. 30ನೇ ತಿದ್ದುಪಡಿಯ ಸೋಲಿಗೆ ಈ ಪತ್ರವೇ ಕಾರಣ, ವಕೀಲರ ಲಾಬಿ ಜನರನ್ನು ದಾರಿ ತಪ್ಪಿಸಿತು ಎಂಬ ವಿವರಣೆ ಆಮೇಲೆ ಕೇಳಿಬಂತು. ಇದು ನಿಲ್ಲುವ ಮಾತಲ್ಲ. ಅದೇ ಎಂಟು ಮಂದಿ, ಅದೇ ಪತ್ರದಲ್ಲಿ, ಸಂಬಳದ ತಿದ್ದುಪಡಿಯನ್ನೂ ವಿರೋಧಿಸಿದ್ದರು. ಐವರಲ್ಲಿ ನಾಲ್ವರು ಮತದಾರರು ಆ ಮಾತನ್ನು ಗಾಳಿಗೆ ತೂರಿದರು. ನ್ಯಾಯಾಧೀಶರ ಸಂಬಳದ ಬಗ್ಗೆ ವಕೀಲರು ಮಾತಾಡಿದಾಗ ಜನ ಅದರಲ್ಲಿ ಸ್ವಹಿತ ಕಂಡರು. ರಾಜಕಾರಣಿಗಳ ಅಧಿಕಾರದ ಬಗ್ಗೆ ಮಾತಾಡಿದಾಗ ಅದರಲ್ಲಿ ತಮ್ಮ ಹಿತವೂ ಇದೆ ಎಂದುಕೊಂಡರು. ರಾಷ್ಟ್ರಾಧ್ಯಕ್ಷರ ಚುನಾವಣೆಯ ಅಬ್ಬರದಲ್ಲಿ ಎರಡೂ ತಿದ್ದುಪಡಿಗಳ ಚರ್ಚೆ ಬಡವಾಯಿತು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅರ್ಥವಾಗದ್ದನ್ನು ಬೇಡವೆನ್ನುವುದೂ ಒಂದು ತೀರ್ಮಾನವೇ, ಅದರಲ್ಲೂ ಕೇಳುವವರ ಮೇಲೆ ನಂಬಿಕೆ ಇಲ್ಲದಿರುವಾಗ.

ಎರಡು ವರ್ಷಗಳ ನಂತರದ ಇನ್ನೊಂದು ಪ್ರಸಂಗ ಈ ಓದನ್ನು ಬಲಪಡಿಸುತ್ತದೆ. ಅರವತ್ತು ಸದಸ್ಯರ ಮೇಲ್ಮನೆಯನ್ನು ರದ್ದುಮಾಡುವ ಪ್ರಸ್ತಾವವನ್ನು ಪ್ರಧಾನಿ ಎಂಡಾ ಕೆನಿ 2013ರ ಅಕ್ಟೋಬರ್ 4ರಂದು ಜನರ ಮುಂದಿಟ್ಟರು. ರಾಜಕಾರಣಿಗಳು ಕಡಿಮೆಯಾಗುತ್ತಾರೆ, 2 ಕೋಟಿ ಯೂರೊ ಉಳಿಯುತ್ತದೆ ಎಂದು ಫಿನ ಗೇಲ್‌ನ ಭಿತ್ತಿಪತ್ರಗಳು ಕೂಗಿದವು. ರಾಜಕಾರಣಿಗಳ ಮೇಲೆ ಜನರಿಗಿದ್ದ ಸಿಟ್ಟನ್ನು ರಾಜಕಾರಣಿಗಳೇ ಬಂಡವಾಳ ಮಾಡಿಕೊಂಡ ಇಷ್ಟು ನಿಸ್ಸಂಕೋಚದ ಉದಾಹರಣೆ ಅಪರೂಪ. ಶೇ 51.7ರಷ್ಟು ಮಂದಿ ಬೇಡವೆಂದರು. ಅದೇ ದಿನ, ಹೊಸ ಮೇಲ್ಮನವಿ ನ್ಯಾಯಾಲಯ ಸ್ಥಾಪಿಸುವ ಪ್ರಸ್ತಾವಕ್ಕೆ ಶೇ 65ರಷ್ಟು ಮಂದಿ ಹೂಂ ಎಂದರು. ಎರಡು ವರ್ಷದ ಹಿಂದೆ ನ್ಯಾಯಾಧೀಶರ ಸಂಬಳಕ್ಕೆ ಕತ್ತರಿ ಹಾಕಿದ ಜನ ನ್ಯಾಯಾಂಗದ ಶತ್ರುಗಳೇನೂ ಆಗಿರಲಿಲ್ಲ.

ನಮ್ಮ ಸಂವಿಧಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ನಿಜವಾದ ಕೊಂಡಿಯಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನೆಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಡಬ್ಲಿನ್ನಿಗೂ ಹೋಗಿ ಐರ್ಲೆಂಡಿನ ಆಗಿನ ಪ್ರಧಾನಿ ಡಿ ವಲೇರಾ ಅವರನ್ನು ಕಂಡಿದ್ದರು. ನಮ್ಮ ರಾಜ್ಯ ನಿರ್ದೇಶಕ ತತ್ವಗಳಿಗೆ ಐರಿಷ್ ಸಂವಿಧಾನವೇ ಮಾದರಿ. ನೇಮಕದ ನಂತರ ನ್ಯಾಯಾಧೀಶರಿಗೆ ನಷ್ಟವಾಗುವಂತೆ ಅವರ ಭತ್ಯೆ, ರಜೆ, ಪಿಂಚಣಿಗಳ ಹಕ್ಕನ್ನು ಬದಲಿಸುವಂತಿಲ್ಲ ಎಂದು ನಮ್ಮ 125 ಮತ್ತು 221ನೇ ವಿಧಿಗಳೂ ಹೇಳುತ್ತವೆ. ಆದರೆ ಐರ್ಲೆಂಡ್ 2011ರಲ್ಲಿ ಜನರನ್ನು ಕೇಳಿ ಪಡೆದ ಅಧಿಕಾರವನ್ನು ನಮ್ಮವರು 1949ರಲ್ಲೇ ಬರೆದಿಟ್ಟರು: 360ನೇ ವಿಧಿಯ ಪ್ರಕಾರ ಹಣಕಾಸು ತುರ್ತುಪರಿಸ್ಥಿತಿ ಘೋಷಣೆಯಾದರೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಾಧೀಶರೂ ಸೇರಿದಂತೆ ಎಲ್ಲರ ಸಂಬಳ ಇಳಿಸಬಹುದು. ಆ ಘೋಷಣೆ ಒಮ್ಮೆಯೂ ಆಗಿಲ್ಲ. 2020ರ ಕೋವಿಡ್ ಕಾಲದಲ್ಲೂ ಸಂಸದರ ಸಂಬಳದಲ್ಲಿ ಒಂದು ವರ್ಷ ಶೇ 30ರ ಕಡಿತವಾಯಿತು, ಕೇಂದ್ರ ನೌಕರರ ತುಟ್ಟಿಭತ್ಯೆ ಏರಿಕೆ ನಿಂತಿತು, ನ್ಯಾಯಾಧೀಶರ ತಂಟೆಗೆ ಯಾರೂ ಹೋಗಲಿಲ್ಲ.

ಇನ್ನು ಕೇಳದೆ ಉಳಿದ ಪ್ರಶ್ನೆಗಳ ಮಾತು. 440 ಶತಕೋಟಿಯ ಖಾತರಿಯ ಬಗ್ಗೆ ಜನಮತಗಣನೆ ನಡೆಯಲಿಲ್ಲ, 85 ಶತಕೋಟಿಯ ಪ್ಯಾಕೇಜಿನ ಬಗ್ಗೆಯೂ ನಡೆಯಲಿಲ್ಲ. ಸಂವಿಧಾನ ತಿದ್ದುವಾಗ ಮಾತ್ರ ಜನರನ್ನು ಕೇಳುವುದು ಕಡ್ಡಾಯ. ದೇಶವನ್ನು ಒತ್ತೆಯಿಡುವಾಗ ಅಲ್ಲ. ಸುಮಾರು ನೂರೈವತ್ತು ನ್ಯಾಯಾಧೀಶರ ಸಂಬಳಕ್ಕೆ ದೇಶವಿಡೀ ಮತ ಹಾಕಿತು. ಮೂರು ಲಕ್ಷದ ಆಸುಪಾಸಿನ ಸರ್ಕಾರಿ ನೌಕರರ ಸಂಬಳ ತುರ್ತು ಶಾಸನಗಳಲ್ಲಿ ಮತ್ತು 2010ರ ಕ್ರೋಕ್ ಪಾರ್ಕ್ ಒಪ್ಪಂದದಲ್ಲಿ ತೀರ್ಮಾನವಾಯಿತು. ಇನ್ನಷ್ಟು ವೇತನ ಕಡಿತವಿಲ್ಲ, ಬಲವಂತವಾಗಿ ಕೆಲಸದಿಂದ ತೆಗೆಯುವುದಿಲ್ಲ ಎಂದು ಸರ್ಕಾರ, ಮುಷ್ಕರ ಹೂಡುವುದಿಲ್ಲ ಎಂದು ಸಂಘಗಳು ಮಾತು ಕೊಟ್ಟ ಒಪ್ಪಂದ ಅದು. ಆಗಲೇ ನೌಕರಿಯಲ್ಲಿದ್ದವರು ಸಂಘದ ಮೂಲಕ ಮತ ಹಾಕಿ ಅದನ್ನು ಒಪ್ಪಿದ್ದರು. ಇನ್ನೂ ನೌಕರಿಗೆ ಬಾರದವರಿಗೆ ಸಂಘವೂ ಇರಲಿಲ್ಲ, ಮತವೂ ಇರಲಿಲ್ಲ. 2011ರ ಜನವರಿ 1ರಿಂದ ಸೇರಿದ ಹೊಸಬರಿಗೆ ವೇತನ ಶ್ರೇಣಿಯನ್ನೇ ಶೇ 10 ಇಳಿಸಲಾಯಿತು. ಮರುವರ್ಷ ಹೊಸ ಶಿಕ್ಷಕರ ವಿದ್ಯಾರ್ಹತಾ ಭತ್ಯೆಯೂ ಹೋಯಿತು. ಒಂದೇ ಶಾಲೆಯ ಅಕ್ಕಪಕ್ಕದ ತರಗತಿಗಳಲ್ಲಿ ಒಂದೇ ಪಾಠಕ್ಕೆ ಎರಡು ಸಂಬಳವಾಯಿತು. 2016ರ ಅಕ್ಟೋಬರ್–ನವೆಂಬರಿನಲ್ಲಿ ಪ್ರೌಢಶಾಲಾ ಶಿಕ್ಷಕರು ಮುಷ್ಕರಕ್ಕಿಳಿದು ದೇಶದ ನೂರಾರು ಶಾಲೆಗಳು ಬಾಗಿಲು ಹಾಕಿದಾಗ ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು ಈ ತಾರತಮ್ಯವನ್ನು ತೆಗೆಯಬೇಕೆಂಬುದಾಗಿತ್ತು.