ಬರೆದದ್ದೇ ಕಾಗದವನ್ನು ತಿಂದಾಗ

ನೆಲ್ಲಿಕಾಯಿಯನ್ನು ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದರೆ ಕಪ್ಪಗಾಗುವುದನ್ನು ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದವರೇ. ಅದೇ ಕಪ್ಪು ಯುರೋಪಿನ ಸಾವಿರಕ್ಕೂ ಹೆಚ್ಚು ವರ್ಷಗಳ ಬರವಣಿಗೆಯನ್ನು ಹೊತ್ತು ನಿಂತಿತ್ತು, ಆಮೇಲೆ ಅದರಲ್ಲಿ ಒಂದಷ್ಟನ್ನು ತಿಂದೂ ಹಾಕಿತು ಎಂದರೆ ನಂಬುತ್ತೀರಾ? ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮಗೆ ಕೆಮಿಸ್ಟ್ರಿ ಪಿಯುಸಿಗೇ ಮುಗಿದ ಪಾಠ. ಆದರೂ ಈ ಕಥೆ ನಮ್ಮನ್ನು ಬಿಡಲಿಲ್ಲ.

ಓಕ್ ಮರದಲ್ಲಿ ಒಂದು ಜಾತಿಯ ಕಣಜ ಮೊಟ್ಟೆಯಿಟ್ಟಾಗ ಗಂಟು ಬೆಳೆಯುತ್ತದೆ. ಕೂಸಿನ ಮದ್ದು ತೇಯುವಾಗ ಅಜ್ಜಿಯರು ಬಳಸುತ್ತಿದ್ದ ಮಾಚಿಕಾಯಿ ಇದೇ. ಅದರ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಮತ್ತು ಗೋಂದು ಬೆರೆಸಿದರೆ ಶಾಯಿ ಸಿದ್ಧ. ಕಷಾಯದಲ್ಲಿರುವ ಗ್ಯಾಲಿಕ್ ಆಮ್ಲ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಗಾಳಿ ತಾಗಿದ ಮೇಲೆ ಅಕ್ಷರ ಕಪ್ಪಾಗಿ, ನೀರಿಗೂ ಸುಲಭಕ್ಕೆ ಹೋಗದಂತೆ ಕೂರುತ್ತದೆ. ಮಾಚಿಕಾಯಿ ರಸದಲ್ಲಿ ನೆನೆಸಿದ ಪಪೈರಸ್‌ನಿಂದ ಕಬ್ಬಿಣದ ಕಲಬೆರಕೆ ಪತ್ತೆಹಚ್ಚುವ ಉಪಾಯವನ್ನು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಆ ಆಮ್ಲವನ್ನು ಬೇರ್ಪಡಿಸಿದ್ದು ಮಾತ್ರ 1786ರಲ್ಲಿ, ಸ್ವೀಡನ್ನಿನ ಶೀಲೆ.

ತೊಂದರೆ ಇದ್ದದ್ದು ಅಳತೆಯಲ್ಲಿ. ಹಳೆಯ ಶಾಯಿಗಳಲ್ಲಿ ಎಷ್ಟೋ ಸಲ ಅನ್ನಭೇದಿ ಹೆಚ್ಚು, ಮಾಚಿಕಾಯಿ ಕಡಿಮೆ. ಜೊತೆ ಸಿಗದೆ ಉಳಿದ ಕಬ್ಬಿಣ ಸುಮ್ಮನಿರುವುದಿಲ್ಲ. ಪೆರಾಕ್ಸೈಡ್ ಜೊತೆ ಅದು ಎಬ್ಬಿಸುವ ಕೋಲಾಹಲವನ್ನು 1894ರಲ್ಲಿ ಫೆಂಟನ್ ಪ್ರಕಟಿಸಿದರು; ಅದರಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳು ಕಾಗದದ ನಾರನ್ನು ಕಡಿಯುತ್ತವೆ. ಶಾಯಿಯ ಹುಳಿಯೂ ಅದಕ್ಕೆ ಸೇರಿತು. ಬರ್ಲಿನ್ನಿನ ಗ್ರಂಥಾಲಯದಲ್ಲಿರುವ ಬಾಖ್‌ನ ಸ್ವಹಸ್ತದ ಸಂಗೀತದ ಹಾಳೆಗಳಲ್ಲಿ ಹಲವೆಡೆ ಸ್ವರಗಳಿದ್ದ ಜಾಗದಲ್ಲೇ ತೂತು ಬಿದ್ದಿತ್ತು. 1898ರಲ್ಲಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಗ್ರಂಥಪಾಲಕರು ಹಸ್ತಪ್ರತಿಗಳನ್ನು ಉಳಿಸುವುದು ಹೇಗೆಂದು ಸಭೆಯನ್ನೇ ಸೇರಿದರು.

ಅಂಗಡಿಯ ಟೀ ಡಬ್ಬಿಗಳ ಮೇಲೆ 'ಆಂಟಿಆಕ್ಸಿಡೆಂಟ್' ಎಂದು ಓದುತ್ತೇವಲ್ಲ, ಗ್ಯಾಲಿಕ್ ಆಮ್ಲವೂ ಅದೇ ಬಳಗದ್ದು. ಕಬ್ಬಿಣವನ್ನು ಬಿಗಿಯಾಗಿ ಹಿಡಿದಾಗ ಅದು ರಕ್ಷಕ. ಹಿಡಿತ ಸಾಲದಾದಾಗ, ಸುಸ್ತಾದ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಟ್ಟು ಮತ್ತೆ ಜಗಳಕ್ಕೆ ಕಳಿಸುವುದೂ ಅದೇ! ಒಂದೇ ವಸ್ತು ಕಾಯುವುದೋ ಕೊಲ್ಲುವುದೋ ಎಂಬುದನ್ನು ಪ್ರಮಾಣವೇ ತೀರ್ಮಾನಿಸುತ್ತದೆ.

ಮದ್ದು ಸಿಕ್ಕಿದ್ದೂ ಗಿಡದಿಂದಲೇ. ಡಚ್ ವಿಜ್ಞಾನಿ ನೇಫೆಲ್ 1995ರಲ್ಲಿ ಫೈಟೇಟ್ ಬಳಸುವ ದಾರಿ ತೋರಿಸಿದರು. ಕಾಳು, ತೌಡುಗಳಲ್ಲಿರುವ ಈ ಪದಾರ್ಥ ಅಲೆಮಾರಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಆಮೇಲೆ ಸುಣ್ಣದಂಶದ ನೀರಿನಿಂದ ಹುಳಿ ತೆಗೆಯುತ್ತಾರೆ. ಆದರೆ ಬಿದ್ದ ತೂತು ತುಂಬುವುದಿಲ್ಲ.

ನಮ್ಮ ಓಲೆಗರಿಗಳಿಗೆ ಈ ಪಾಡು ಬರಲಿಲ್ಲ. ಕಂಟದಿಂದ ಕೊರೆದ ಅಕ್ಷರಕ್ಕೆ ಸವರಿದ್ದು ದೀಪದ ಮಸಿ. ಇಂಗಾಲ ಯಾರ ತಂಟೆಗೂ ಹೋಗದು. ಆದರೆ ಅಲ್ಲಿ ಹುಳು ಕಾದು ಕೂತಿರುತ್ತದೆ. ಯಾವ ಬರಹವೂ ತಾನಾಗಿ ಉಳಿಯುವುದಿಲ್ಲ. ಮನೆಯಲ್ಲಿ ಅಜ್ಜನ ಕಾಗದಗಳಿದ್ದರೆ, ಈ ವಾರಾಂತ್ಯ ಒಮ್ಮೆ ತೆಗೆದು ನೋಡೋಣವೇ?