ಹಾಡನ್ನು ಒರೆಗೆ ಹಚ್ಚುವುದು

ಭಾನುವಾರದ ಆರಾಧನೆ ಮುಗಿಸಿ ಮನೆಗೆ ಬಂದವರನ್ನು, ಅಯ್ಯನವರು ಇವತ್ತು ಏನು ಪ್ರಸಂಗ ಮಾಡಿದರು ಎಂದು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ. ಯಾವ ಹಾಡು ಹಾಡಿದಿರಿ ಎಂದು ಕೇಳಿ ನೋಡಿ, ಕುಕ್ಕರಿಗೆ ಅಕ್ಕಿ ಹಾಕುತ್ತಲೇ ಗುನುಗಿ ತೋರಿಸುತ್ತಾರೆ. ಹಾಡಿನ ಶಕ್ತಿಯೇ ಅಂಥದು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಇದು ಚೆನ್ನಾಗಿ ಗೊತ್ತು. ಹಳೆಯ ವಿದ್ಯಾರ್ಥಿನಿಯರು ಸಂತೆಯಲ್ಲಿ ಸಿಕ್ಕಾಗ ನಾನು ಕಲಿಸಿದ ಗದ್ಯಪಾಠ ಒಂದೂ ಅವರಿಗೆ ನೆನಪಿರುವುದಿಲ್ಲ; ಕಂಠಪಾಠ ಮಾಡಿಸಿದ ಪದ್ಯ ಮಾತ್ರ ಇನ್ನೂ ನಾಲಿಗೆಯ ಮೇಲಿರುತ್ತದೆ. ಹಾಗಾಗಿ ಒಂದು ಸಭೆ ಏನನ್ನು ನಂಬುತ್ತದೆ ಎಂದು ತಿಳಿಯಬೇಕಾದರೆ ಅದರ ಪ್ರಸಂಗಪೀಠಕ್ಕಿಂತ ಅದರ ಹಾಡುಗಳನ್ನು ನೋಡುವುದು ಮೇಲು.

ಇತ್ತೀಚಿನ ವರ್ಷಗಳಲ್ಲಿ ಕ್ರೈಸ್ತ ಸಭೆಗಳಲ್ಲಿ ಹೊಸ ಹಾಡುಗಳ ಹೊಳೆಯೇ ಹರಿದು ಬಂದಿದೆ. ಗಿಟಾರು, ಕೀಬೋರ್ಡು, ಡ್ರಮ್ಮು, ಗೋಡೆಯ ಮೇಲೆ ಮೂಡುವ ಸಾಲುಗಳು. 'ಇವು ಸತ್ಯವೇದಕ್ಕೆ ಸರಿಹೊಂದುತ್ತವೆಯೇ?' ಎಂದು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. (ಬೈಬಲನ್ನು ನಾವು ಸತ್ಯವೇದ ಎನ್ನುವುದು ರೂಢಿ.) 'ಹಳಬರಿಗೆ ಹೊಸತೆಲ್ಲ ತಪ್ಪೇ' ಎಂದು ಕಿರಿಯರು ಮುನಿಯುತ್ತಾರೆ. ಈ ಜಗಳ ನಿನ್ನೆ ಮೊನ್ನೆಯದಲ್ಲ. ಇದರ ಇತಿಹಾಸವನ್ನು ಸ್ವಲ್ಪ ಬಿಡಿಸಿ ನೋಡಿದರೆ ಇಬ್ಬರಿಗೂ ಕಲಿಯುವುದಿದೆ.

ಮೊದಲು ಸತ್ಯವೇದದ ಒಳಗೇ ನೋಡೋಣ. ಅಲ್ಲಿನ ಬಹು ಹಳೆಯ ಹಾಡುಗಳಲ್ಲಿ ಕೆಲವು ಹೆಂಗಸರ ಬಾಯಿಂದ ಬಂದವು ಎಂಬುದು ನಮಗೆ ಹೆಮ್ಮೆಯ ಸಂಗತಿ. ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳು ದಮ್ಮಡಿ ಹಿಡಿದು ಹಾಡಿದಳು. ಯುದ್ಧ ಗೆದ್ದ ಮೇಲೆ ದೆಬೋರಳು ಹಾಡಿದಳು. ಮಕ್ಕಳಿಲ್ಲದೆ ಕಣ್ಣೀರಿಟ್ಟ ಹನ್ನಳು ಮಗನನ್ನು ಪಡೆದಾಗ, ದೇವರು ಬಡವರನ್ನು ಮೇಲೆತ್ತುತ್ತಾನೆ, ಬಲಿಷ್ಠರ ಬಿಲ್ಲನ್ನು ಮುರಿಯುತ್ತಾನೆ ಎಂದು ಹಾಡಿದಳು. ಎಷ್ಟೋ ಶತಮಾನಗಳ ನಂತರ, ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಗರ್ಭಿಣಿಯಾದ ಮರಿಯಳು ಹಾಡುವ ಹಾಡು ಹನ್ನಳ ಹಾಡಿನ ಎಳೆಗಳಿಂದಲೇ ನೇಯ್ದದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾರಿಗೂ ತಿಳಿಯುತ್ತದೆ. ಹಳೆಯ ವಾಕ್ಯ ಅವಳ ಮನಸ್ಸಿನಲ್ಲಿ ಇಂಗಿ, ಅವಳದೇ ಸಂತೋಷವಾಗಿ ಹೊಸದಾಗಿ ಹೊರಬಂತು. ಹಾಡು ಸತ್ಯವೇದಕ್ಕೆ ಹೊಂದುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಆದರೆ ಮುಂದಿನವರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟರು. ಹದಿನಾರನೆಯ ಶತಮಾನದಲ್ಲಿ ಯುರೋಪಿನ ಸಭೆ ಸುಧಾರಣೆಯಾದಾಗ ಜರ್ಮನಿಯ ಮಾರ್ಟಿನ್ ಲೂಥರ್, ಜನರು ತಮ್ಮ ಮಾತಿನಲ್ಲಿ ತಾವೇ ಹಾಡಬೇಕು ಎಂದು ಹೊಸ ಹಾಡುಗಳನ್ನು ಬರೆದ, ಬರೆಸಿದ. 1524ರಲ್ಲಿ ಅಚ್ಚಾದ ಆರಂಭದ ಸಂಗ್ರಹಗಳಲ್ಲಿ ಎಲಿಸಬೆತ್ ಕ್ರೂಸಿಗರ್ ಎಂಬ ಮಹಿಳೆಯ ಹಾಡೂ ಇತ್ತು. ಅವಳು ಸನ್ಯಾಸಿನಿಯರ ಮಠದಿಂದ ಹೊರಬಂದು ಸಂಸಾರ ಹೂಡಿದವಳು. ಅತ್ತ ಜಿನೀವದಲ್ಲಿ ಜಾನ್ ಕ್ಯಾಲ್ವಿನ್ ಬಿಗಿಯಾದ ಗೆರೆ ಎಳೆದ. ದೇವರಿಗೆ ಹಾಡಲು ದೇವರೇ ಕೊಟ್ಟ ಕೀರ್ತನೆಗಳಿಗಿಂತ ಮಿಗಿಲಾದ ಹಾಡುಂಟೇ ಎಂಬುದು ಅವನ ವಾದ. ಸತ್ಯವೇದದ 150 ಕೀರ್ತನೆಗಳನ್ನೂ ಪದ್ಯಕ್ಕೆ ತಿರುಗಿಸಿ ರಾಗ ಕೂಡಿಸಿದ ಜಿನೀವದ ಪುಸ್ತಕ 1562ರಲ್ಲಿ ಪೂರ್ಣವಾಯಿತು. ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಲ್ಲಿ ಕೂಡ ಬಹುಕಾಲ ಈ ಕೀರ್ತನೆಗಳದೇ ರಾಜ್ಯ.

ಆ ಗೆರೆಯನ್ನು ದಾಟಿದವನು ಐಸಾಕ್ ವಾಟ್ಸ್ (1674–1748). ಕ್ರಿಸ್ತನನ್ನು ನಂಬಿದ ಜನರು ಕ್ರಿಸ್ತನ ಹೆಸರನ್ನೇ ಎತ್ತದೆ ದಾವೀದನ ಮಾತಿನಲ್ಲಿ ಮಾತ್ರ ಹಾಡಬೇಕೆಂಬುದು ಯಾವ ನ್ಯಾಯ ಎಂದು ಅವನು ಕೇಳಿದ. 1707ರಲ್ಲಿ ಸ್ವಂತ ಹಾಡುಗಳ ಪುಸ್ತಕ ತಂದ. 1719ರಲ್ಲಿ ಕೀರ್ತನೆಗಳನ್ನೇ ಹೊಸ ಒಡಂಬಡಿಕೆಯ ಕಣ್ಣಿನಿಂದ ತಿರುಗಿ ಬರೆದ. ಇಂದು ಕ್ರಿಸ್‌ಮಸ್ ಬಂದರೆ ಲೋಕವೆಲ್ಲ ಹಾಡುವ 'ಜಾಯ್ ಟು ದ ವರ್ಲ್ಡ್' ಆ ಎರಡನೆಯ ಪುಸ್ತಕದ್ದು. ಅದರಲ್ಲಿ ಗೋದಲಿಯೂ ಇಲ್ಲ, ಕುರುಬರೂ ಇಲ್ಲ. ಅದು 98ನೇ ಕೀರ್ತನೆ. ಆ ಕಾಲದ ಮಡಿವಂತರಿಗೆ ವಾಟ್ಸ್ 'ಹೊಸ ಹಾಡಿನವನು'. ಇಂದು ಹೊಸ ಹಾಡನ್ನು ಹಳಿಯುವ ಹಿರಿಯರು ಎದೆಗವಚಿಕೊಳ್ಳುವ ಹಳೆಯ ಹಾಡೂ ಅವನದೇ! ಕಾಲ ಹೀಗೆ ನಗುತ್ತದೆ.

ಹಾಡು ಹುಟ್ಟಿದ ಮೇಲೆ ತಿದ್ದುವ ಕೈಗಳೂ ಹುಟ್ಟುತ್ತವೆ. 1739ರಲ್ಲಿ ಚಾರ್ಲ್ಸ್ ವೆಸ್ಲಿ ಬರೆದ ಕ್ರಿಸ್‌ಮಸ್ ಹಾಡಿನ ಮೊದಲ ಸಾಲಿನಲ್ಲಿ ದೇವದೂತರು ಇರಲೇ ಇಲ್ಲ. ಆಕಾಶವೆಲ್ಲ ಮೊಳಗುತ್ತದೆ ಎಂದಿತ್ತು. 1753ರಲ್ಲಿ ಜಾರ್ಜ್ ವಿಟ್‌ಫೀಲ್ಡ್ ಅದನ್ನು ತಿದ್ದಿ ದೂತರು ಹಾಡುವಂತೆ ಮಾಡಿದ. ನಾವೆಲ್ಲ 'ಹಾರ್ಕ್ ದ ಹೆರಾಲ್ಡ್ ಏಂಜೆಲ್ಸ್ ಸಿಂಗ್' ಎಂದು ಕಲಿತದ್ದು ಆ ತಿದ್ದುಪಡಿಯನ್ನು. ಲೂಕನನ್ನು ತೆರೆದು ನೋಡಿದರೆ ದೂತರು ದೇವರನ್ನು ಕೊಂಡಾಡುತ್ತ 'ಹೇಳಿದರು' ಎಂದಿದೆಯೇ ಹೊರತು ಹಾಡಿದರು ಎಂದಿಲ್ಲ! ಅದಕ್ಕಾಗಿ ಆ ಹಾಡನ್ನು ಯಾರೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೂ ಇಂಥ ಕೈಯಾಟಗಳಿಂದ ಬೇಸತ್ತ ಅಣ್ಣ ಜಾನ್ ವೆಸ್ಲಿ, 1780ರ ತಮ್ಮ ಗೀತಸಂಗ್ರಹದ ಮುನ್ನುಡಿಯಲ್ಲಿ, ಅಚ್ಚು ಹಾಕುವವರು ಇದ್ದದ್ದನ್ನು ಇದ್ದಂತೆ ಹಾಕಲಿ, ದಯಮಾಡಿ ತಿದ್ದಬೇಡಿ ಎಂದು ಕೇಳಿಕೊಂಡರು.

ಈಗ ನಮಗೆಲ್ಲ ಹತ್ತಿರದ ಒಂದು ಹಾಡಿಗೆ ಬರುತ್ತೇನೆ. ಬಿ.ಎಂ. ಶ್ರೀಕಂಠಯ್ಯನವರ 'ಕರುಣಾಳು ಬಾ ಬೆಳಕೆ' ಎಂಬ ಪ್ರಾರ್ಥನೆಯನ್ನು ಅರಿಯದ ಕನ್ನಡ ಹೆಣ್ಣುಮಗಳು ಅಪರೂಪ. 'ಇಂಗ್ಲಿಷ್ ಗೀತಗಳು' ಸಂಗ್ರಹದ ಈ ಪದ್ಯವನ್ನು ಶಾಲೆಗಳಲ್ಲಿ, ಸಭೆ ಸಮಾರಂಭಗಳಲ್ಲಿ ಎಲ್ಲ ಮತದವರೂ ಹಾಡಿದ್ದಾರೆ. ಇದರ ಮೂಲ ಜಾನ್ ಹೆನ್ರಿ ನ್ಯೂಮನ್‌ನ 'ಲೀಡ್ ಕೈಂಡ್ಲಿ ಲೈಟ್'. 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರದಿಂದ ಸಾಯುವಂತಾಗಿ ಬದುಕಿಕೊಂಡ ನ್ಯೂಮನ್, ಊರಿಗೆ ಮರಳುವ ಹಾದಿಯಲ್ಲಿ, ಗಾಳಿಯಿಲ್ಲದೆ ಹಡಗು ಕಡಲಲ್ಲಿ ನಿಂತುಬಿಟ್ಟಾಗ ಇದನ್ನು ಬರೆದ. ಆಗ ಅವನು ಆಂಗ್ಲಿಕನ್ ಪಾದ್ರಿ. 1845ರಲ್ಲಿ ಕಥೋಲಿಕನಾದ, ಮುಂದೆ ಕಾರ್ಡಿನಲ್ ಆದ, 2019ರಲ್ಲಿ ಅವನನ್ನು ಸಂತನೆಂದು ಸಾರಲಾಯಿತು. ಗಾಂಧೀಜಿಗೂ ಈ ಹಾಡು ಬಹಳ ಪ್ರಿಯವಾಗಿತ್ತು.

ಈ ಹಾಡಿನಲ್ಲಿ ಕ್ರಿಸ್ತನ ಹೆಸರಿಲ್ಲ. ಶಿಲುಬೆಯಿಲ್ಲ. 'ಈ ಬೆಳಕು ಯಾರು? ಯಾರು ಬೇಕಾದರೂ ಆಗಬಹುದಲ್ಲ!' ಎಂದು ಆಕ್ಷೇಪಿಸಿದವರು ಆಗಲೂ ಇದ್ದರು. ಮುಂದೆ ಬಿಷಪ್ ಆದ ಎಡ್ವರ್ಡ್ ಬಿಕರ್‌ಸ್ಟೆತ್ ತನ್ನ ಗೀತಸಂಗ್ರಹದಲ್ಲಿ ಇದಕ್ಕೆ ತಾನೇ ಒಂದು ನಾಲ್ಕನೆಯ ನುಡಿ ಕಟ್ಟಿ ಸೇರಿಸಿದ. ನ್ಯೂಮನ್‌ಗೆ ಅದು ಹಿಡಿಸಲಿಲ್ಲ. ಆದರೆ ನ್ಯೂಮನ್ ಈ ಪದ್ಯಕ್ಕೆ ಇಟ್ಟಿದ್ದ ಒಂದು ಹೆಸರು 'ಮೇಘಸ್ತಂಭ' ಎಂಬರ್ಥದ್ದು. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಹೊರಟು ಅರಣ್ಯದಲ್ಲಿ ನಡೆಯುವಾಗ ದೇವರು ಹಗಲು ಮೇಘಸ್ತಂಭದಲ್ಲಿ, ಇರುಳು ಅಗ್ನಿಸ್ತಂಭದಲ್ಲಿ ಮುಂದೆ ಮುಂದೆ ಹೋದನೆಂದು ವಿಮೋಚನಕಾಂಡ ಹೇಳುತ್ತದೆ. ಅಂದರೆ ಹಾಡಿನ ಬೇರು ಪೂರ್ತಿ ಸತ್ಯವೇದದಲ್ಲೇ ಇತ್ತು! ಮೊದಲ ಸಾಲೇ ಹೆಸರಾಗಿ ನಿಂತು ಆ ತಲೆಬರಹ ಮರೆತುಹೋದಾಗ ಬೇರು ಮಣ್ಣಿನೊಳಗೆ ಮರೆಯಾಯಿತು. ದೇವರ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿ ಹಾಡಿಗೆ ಅಂಕ ಕೊಡುವವರು ಈ ಕಥೆಯನ್ನು ನೆನಪಿಡಬೇಕು. ಹೆಸರಿಲ್ಲದೆಯೂ ವೇದದ ಹಾಡು ಇರಬಹುದು. ಸಾಲುಸಾಲಿಗೆ ಹೆಸರಿದ್ದೂ ವೇದದ ಮಾತೊಂದೂ ಇಲ್ಲದಿರಬಹುದು.

ಕನ್ನಡದ ಸಭೆಗಳಿಗೆ ಇನ್ನೊಂದು ಪರೀಕ್ಷೆಯೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳನ್ನು ತಂದರು. ಆದರೆ ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಫರ್ಡಿನೆಂಡ್ ಕಿಟ್ಟೆಲ್, 1862ರಲ್ಲೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಇಲ್ಲಿನ ಛಂದಸ್ಸಿನಲ್ಲೂ ಹೇಳಿದರು. ಹಾಡು ವೇದಕ್ಕೆ ಮಾತ್ರವಲ್ಲ, ನುಡಿಗೂ ಹೊಂದಬೇಕು ಎಂದು ಅವರಿಗೆ ಗೊತ್ತಿತ್ತು. ಇಂದು ಇಂಗ್ಲಿಷ್ ರಾಗಕ್ಕೆ ಕನ್ನಡದ ಪದಗಳನ್ನು ತುರುಕುವವರು ಹ್ರಸ್ವ ದೀರ್ಘಗಳನ್ನು ಲೆಕ್ಕಿಸುವುದಿಲ್ಲ. 'ಬಲ'ವನ್ನು ರಾಗಕ್ಕಾಗಿ ಎಳೆದರೆ 'ಬಾಲ'ವಾಗುತ್ತದೆ! ಅಂಥ ಕಡೆ ಎಂಥ ದೈವಜ್ಞಾನ ಉಳಿದೀತು?

ಇನ್ನು ನಮ್ಮ ಕಾಲದ ಹಾಡುಗಳು. 2001ರಲ್ಲಿ ಕೀತ್ ಗೆಟ್ಟಿ ಮತ್ತು ಸ್ಟುವರ್ಟ್ ಟೌನೆಂಡ್ ಕೂಡಿ ರಚಿಸಿದ 'ಇನ್ ಕ್ರೈಸ್ಟ್ ಅಲೋನ್' ಬೇಗನೆ ಲೋಕವಿಖ್ಯಾತವಾಯಿತು. ಅದರಲ್ಲಿ ಶಿಲುಬೆಯ ಮೇಲೆ ದೇವರ ಕೋಪ ತೀರಿತು ಎಂಬರ್ಥದ ಮಾತಿದೆ. ಅಮೆರಿಕದ ಒಂದು ದೊಡ್ಡ ಪ್ರೆಸ್ಬಿಟೇರಿಯನ್ ಸಭೆ 2013ರ ತನ್ನ ಹೊಸ ಗೀತಪುಸ್ತಕಕ್ಕೆ ಹಾಡನ್ನು ಆರಿಸುವಾಗ, ಕೋಪದ ಬದಲು ದೇವರ ಪ್ರೀತಿ ಬೆಳಗಿತು ಎಂದು ಹಾಕಲು ಅನುಮತಿ ಕೇಳಿತು. ಕವಿಗಳು ಒಪ್ಪಲಿಲ್ಲ. ಮೇರಿ ಲೂಯಿಸ್ ಬ್ರಿಂಗಲ್ ಎಂಬ ಮಹಿಳೆ ಅಧ್ಯಕ್ಷೆಯಾಗಿದ್ದ ಸಮಿತಿ, 9ಕ್ಕೆ 6 ಮತದಿಂದ ಹಾಡನ್ನೇ ಕೈಬಿಟ್ಟಿತು. ಎರಡೂ ಕಡೆಯವರ ಕೈಯಲ್ಲಿದ್ದದ್ದು ಅದೇ ಸತ್ಯವೇದ. ಪಾಪದ ಮೇಲಿನ ಕೋಪದ ಮಾತೂ ಅದರಲ್ಲಿದೆ, ಲೋಕದ ಮೇಲಿನ ಪ್ರೀತಿಯ ಮಾತೂ ಇದೆ. ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಹಾಡು ಹಗುರಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಸಾಲಿಗಾಗಿ ಅಷ್ಟು ಯೋಚಿಸಿ ಮತ ಹಾಕಿದರಲ್ಲ, ಅದನ್ನು ಮೆಚ್ಚಬೇಕು.

2017ರಲ್ಲಿ ಬಂದ ಕೋರಿ ಆಸ್ಬರಿಯ 'ರೆಕ್ಲೆಸ್ ಲವ್' ಎಬ್ಬಿಸಿದ ವಾದವೂ ಇಂಥದೇ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕುವ ಕುರುಬನ ಸಾಮ್ಯವೇ ಅದರ ಆಧಾರ. ದೇವರ ಪ್ರೀತಿಗೆ ಅಂಥ ವಿಶೇಷಣ ಸಲ್ಲದು ಎಂದು ಹಲವರು ಖಂಡಿಸಿದರು. ತನ್ನ ನಷ್ಟವನ್ನು ಲೆಕ್ಕಿಸದ ಪ್ರೀತಿ ಎಂಬುದೇ ನನ್ನ ಅರ್ಥ ಎಂದು ಕವಿ ವಿವರಿಸಿದ. ಕನ್ನಡದಲ್ಲಿ ನಮಗೆ ಈ ತೊಡಕಿಲ್ಲ. 'ಬೇಜವಾಬ್ದಾರಿ' ಎಂದರೆ ಬೈಗುಳ. 'ಹಿಂದುಮುಂದು ನೋಡದ' ಎಂದರೆ ಮಗು ಬಾವಿಗೆ ಬಿದ್ದಾಗ ಜಿಗಿಯುವ ತಾಯಿ. ದೇವರನ್ನೇ ಬೈದು ಹೊಗಳುವ ನಿಂದಾಸ್ತುತಿಯನ್ನು ದಾಸರಿಂದ ಕೇಳಿ ಬೆಳೆದ ನಾಡು ನಮ್ಮದು. ಅನುವಾದಿಸುವವರು ಸರಿಯಾದ ಪದ ಆರಿಸಿಕೊಂಡರೆ ಸಾಕು.

ಹೀಗೆ ಒಂದೊಂದು ಪದವನ್ನು ಜರಡಿ ಹಿಡಿಯುವ ನಾವು, ಹಾಡಿನಲ್ಲಿ ಇಲ್ಲದ್ದನ್ನು ಗಮನಿಸುವುದೇ ಇಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳಲು, ಮೊರೆ, 'ಎಲ್ಲಿದ್ದೀಯೆ ದೇವರೇ' ಎಂಬ ಜಗಳ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು. ನಮ್ಮ ಹೊಸ ಹಾಡುಗಳಲ್ಲಿ ಈ ಭಾಗ ಎಲ್ಲಿದೆ? ಜಯ, ಜಯ, ಆನಂದ, ಆಶೀರ್ವಾದ. ಒಂದೊಂದು ಹಾಡನ್ನೂ ಬಿಡಿಬಿಡಿಯಾಗಿ ನೋಡಿದರೆ ತಪ್ಪಿಲ್ಲ. ಎಲ್ಲವನ್ನೂ ಸೇರಿಸಿ ನೋಡಿದರೆ ಅರ್ಧ ಸತ್ಯವೇದವೇ ಇಲ್ಲ.

ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಗಂಡನನ್ನು ಮಣ್ಣು ಮಾಡಿದ ಎರಡನೆಯ ಭಾನುವಾರ ಸಭೆಗೆ ಬಂದಿದ್ದಳು. ಅರ್ಧ ಗಂಟೆ ಚಪ್ಪಾಳೆಯ ಹಾಡುಗಳೇ ನಡೆದವು. ಅವಳು ಸೆರಗಿನ ತುದಿ ಹಿಡಿದು ಬಾಯಿ ಮುಚ್ಚಿ ನಿಂತಿದ್ದಳು. 'ನಂಬಿಕೆ ಗಟ್ಟಿ ಇದ್ದರೆ ಹಾಡಬಹುದಿತ್ತು' ಎಂದು ಪಕ್ಕದಲ್ಲಿ ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಅವಳ ನಂಬಿಕೆಗೆ ಏನೂ ಆಗಿರಲಿಲ್ಲ. ಅವಳಿಗೆ ಸಲ್ಲುವ ಹಾಡು ಸತ್ಯವೇದದಲ್ಲಿತ್ತು, ಆ ದಿನದ ಪಟ್ಟಿಯಲ್ಲಿ ಇರಲಿಲ್ಲ.

ಹೊಸಬರಿಗೆ ಇದು ಬರುವುದಿಲ್ಲವೆಂದಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ವಾರಗಳಲ್ಲಿ ಇಂಗ್ಲೆಂಡಿನ ಮ್ಯಾಟ್ ರೆಡ್‌ಮನ್ ಮತ್ತು ಹೆಂಡತಿ ಬೆತ್, ಅಮೆರಿಕದಲ್ಲಿದ್ದಾಗ, ದುಃಖಕ್ಕೆ ಹಾಡೇ ಇಲ್ಲವಲ್ಲ ಎಂದು ನೊಂದು 'ಬ್ಲೆಸೆಡ್ ಬಿ ಯುವರ್ ನೇಮ್' ಬರೆದರು. ಮಕ್ಕಳನ್ನೂ ಆಸ್ತಿಯನ್ನೂ ಒಂದೇ ದಿನ ಕಳೆದುಕೊಂಡ ಯೋಬನು, ಕೊಟ್ಟವನೂ ತೆಗೆದುಕೊಂಡವನೂ ದೇವರೇ ಎಂದ ಮಾತು ಅದರ ತಿರುಳು. ಹನ್ನಳಿಂದ ಮರಿಯಳು ಪಡೆದಂತೆ ಇವರು ಯೋಬನಿಂದ ಪಡೆದರು.

ಸೋದರಿಯರೇ, ಸಭೆಗಳಲ್ಲಿ ಹಾಡುವವರಲ್ಲಿ ಹೆಚ್ಚಿನವರು ನಾವೇ, ಮಕ್ಕಳಿಗೆ ಕಲಿಸುವವರೂ ನಾವೇ. ಹಾಗಾಗಿ ಒರೆಗೆ ಹಚ್ಚುವ ಕೆಲಸವನ್ನು ಅಯ್ಯನವರಿಗೂ ಕಮಿಟಿಗೂ ಬಿಟ್ಟು ಕೂರಬೇಕಾಗಿಲ್ಲ. ಹೊಸ ಹಾಡು ಬಂದಾಗ, ರಾಗವನ್ನು ಪಕ್ಕಕ್ಕಿಟ್ಟು ಸಾಹಿತ್ಯವನ್ನು ಒಮ್ಮೆ ಗದ್ಯದಂತೆ ಗಟ್ಟಿಯಾಗಿ ಓದಿ. ಇದರ ಬೇರು ವೇದದ ಯಾವ ಮಾತಿನಲ್ಲಿದೆ ಎಂದು ಹುಡುಕಿ. ಇದು ದೇವರನ್ನು ಕುರಿತದ್ದೋ, ಬರೀ ನನ್ನ ಭಾವನೆಯನ್ನು ಕುರಿತದ್ದೋ ಎಂದು ಕೇಳಿಕೊಳ್ಳಿ. ಆಮೇಲೆ ನಿಮ್ಮ ಬೀದಿಯಲ್ಲಿ ಈ ತಿಂಗಳು ಯಾರ ಮನೆಯಲ್ಲಿ ಸಾವಾಗಿದೆ, ಯಾರ ಮಗನ ಕೆಲಸ ಹೋಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂದು ನೆನಪು ಮಾಡಿಕೊಂಡು, ಅವರ ಪಕ್ಕದಲ್ಲಿ ನಿಂತು ಇದನ್ನು ಹಾಡಬಹುದೇ ಎಂದು ಯೋಚಿಸಿ. ಆಗದಿದ್ದರೆ ಅದರ ಜೊತೆಗೆ ಇನ್ನೊಂದು ಹಾಡನ್ನು ಇಡಿರೆಂದು ಹೇಳಿ. ಕೀರ್ತನೆಗಳ ಪುಸ್ತಕ ತೆರೆದರೆ ಬೇಕಾದಷ್ಟು ಸಿಗುತ್ತವೆ.